ಭಾವನ ಹೆಡ್‌ಲೈಟು

ಹಳೇ ಕಾರು ಇಟ್ಟುಕೊಂಡವರಲ್ಲಿ ಎರಡು ಬಗೆ. ಒಂದು, ಭಾನುವಾರ ಒರೆಸಿ, ಪಕ್ಕ ನಿಂತು ಫೋಟೊ ಹೊಡೆಸಿಕೊಂಡು, ರಿಪೇರಿಯನ್ನು ಮೆಕ್ಯಾನಿಕ್ಕಿಗೆ ಬಿಡುವವರು. ಇವರಿಂದ ಯಾರಿಗೂ ಉಪದ್ರವಿಲ್ಲ. ಇನ್ನೊಂದು ಬಗೆಯವರಿಗೆ ಕಾರು ಓಡುವುದಕ್ಕಿಂತ ಕೆಡುವುದು ಮುಖ್ಯ. ಯಾಕೆ ಕೆಟ್ಟಿತೆಂದು ಹುಡುಕುವಾಗ ಪಕ್ಕದಲ್ಲೊಬ್ಬ ಟಾರ್ಚ್ ಹಿಡಿದು ನಿಂತಿರುವುದು ಅದಕ್ಕಿಂತಲೂ ಮುಖ್ಯ. ಬರ್ಮಿಂಗ್‌ಹ್ಯಾಮಿನಲ್ಲಿರುವ ನನ್ನ ಭಾವ ಈ ಎರಡನೆಯವರು. ಅವರ ಹೆಂಡತಿಯ ತಮ್ಮನಾಗಿ ಹುಟ್ಟಿದ್ದರಿಂದ ಟಾರ್ಚು ನನ್ನ ಪಾಲಿಗೆ ಬಂತು.

ಕಾರು 1972ರ ಎಂಜಿಬಿ. ಇಬ್ಬರೇ ಕೂರುವ, ಟಾಪು ಮಡಚುವ ಸ್ಪೋರ್ಟ್ಸ್ ಕಾರು. 1962ರಿಂದ 1980ರವರೆಗೆ ಅಬಿಂಗ್ಡನ್ನಿನಲ್ಲಿ ತಯಾರಾಗುತ್ತಿತ್ತು. ಮೈಸೂರಲ್ಲಿ ಓದುವಾಗ ಭಾವ ಅದರ ಚಿತ್ರ ಕತ್ತರಿಸಿ ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಿದ್ದರಂತೆ. ಅಕ್ಕನ ಫೋಟೊ ಎಲ್ಲಾದರೂ ಅಂಟಿಸಿದ್ದಕ್ಕೆ ದಾಖಲೆ ಸಿಕ್ಕಿಲ್ಲ. ಅಕ್ಕನ ಇಡ್ಲಿ ತಟ್ಟೆ ಮಾತ್ರ ಗ್ಯಾರೇಜ್ ಸೇರಿದೆ: ಒಂದೊಂದು ಕುಳಿಯಲ್ಲಿ ಒಂದೊಂದು ಅಳತೆಯ ನಟ್ಟು.

ಬ್ರಿಟನ್ನಿನಲ್ಲಿ 40 ವರ್ಷ ದಾಟಿದ, ಹೆಚ್ಚೇನೂ ಮಾರ್ಪಡಿಸದ ಕಾರಿಗೆ ವಾರ್ಷಿಕ ತಪಾಸಣೆ ಕಡ್ಡಾಯವಿಲ್ಲ. ಹಾಗಾಗಿ ದೀಪ ಉರಿಯುತ್ತದೋ ಇಲ್ಲವೋ ನೋಡುವ ಹೊಣೆ ಭಾವನದು, ಅಂದರೆ ನನ್ನದು.

ಆ ಕಾಲದ ಇಂಗ್ಲಿಷ್ ಕಾರುಗಳ ಎಲೆಕ್ಟ್ರಿಕ್ ಸಾಮಾನು ಬಹುಪಾಲು ಇದೇ ಬರ್ಮಿಂಗ್‌ಹ್ಯಾಮಿನ ಲೂಕಾಸ್ ಕಂಪನಿಯದು. ಸೈಕಲ್ ದೀಪಕ್ಕೆ 'ಕಿಂಗ್ ಆಫ್ ದ ರೋಡ್' ಎಂದು ಹೆಸರಿಟ್ಟು ಮಾರಿದ ಜೋಸೆಫ್ ಲೂಕಾಸರಿಗೆ ಕಾರಿನವರು ಆಮೇಲೆ 'ಪ್ರಿನ್ಸ್ ಆಫ್ ಡಾರ್ಕ್‌ನೆಸ್' ಎಂದು ಬಿರುದು ಕೊಟ್ಟರು. ಲೂಕಾಸ್ ಸ್ವಿಚ್ಚಿಗೆ ಮೂರೇ ಸ್ಥಾನ, ಮಂಕು, ಮಿಣುಕು, ಬಂದ್, ಎಂಬ ಜೋಕು ಈಗಲೂ ಚಾಲ್ತಿಯಲ್ಲಿದೆ. ಭಾವನೆದುರು ಅದನ್ನು ಹೇಳಿದರೆ ಅವತ್ತಿನ ಕಾಫಿ ಖೋತಾ. "50 ವರ್ಷ ಮಳೆ ಕುಡಿದ ತಂತಿ, ಹಿಂದಿನ ಓನರು ಟೇಪ್ ಸುತ್ತಿ ಬಿಟ್ಟ ಗಂಟು. ಇದರಲ್ಲಿ ಲೂಕಾಸನ ತಪ್ಪೇನಯ್ಯಾ?"

ನವೆಂಬರ್ ಕೊನೆ. ನಾಲ್ಕು ಗಂಟೆಗೇ ಕತ್ತಲು. ಟಿವಿಡೇಲ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗೋಣವೆಂದು ಅಕ್ಕ ರೇಷ್ಮೆ ಸೀರೆ ಮೇಲೆ ಕೋಟು ತೊಟ್ಟು ನಿಂತಿದ್ದಳು. ಎರಡೂ ದೀಪ ಸರಿಯಾಗಿ ಉರಿಯುವ, ನಾಲ್ವರು ಕೂರುವ ಕಾರೊಂದು ಅಂಗಳದಲ್ಲೇ ಇತ್ತು. ಆ ಮಾತು ಎತ್ತುವಂತಿರಲಿಲ್ಲ. ಭಾವ ಎಂಜಿಬಿ ಹೊರಗೆ ತೆಗೆದು ದೀಪ ಹಾಕಿದರು. ಎಡಗಡೆಯದು ಚೆನ್ನಾಗಿತ್ತು. ಬಲಗಡೆಯದು ಕಾಮಾಲೆ ಹಳದಿ.

"ಐದೇ ನಿಮಿಷ," ಅಂದರು. ಅಕ್ಕ ಅಂಗಳದ ಕಾರಿನ ಕೀ ತಗೊಂಡು ಹೊರಟೇ ಹೋದಳು.

ಭಾವನ ಬಗ್ಗೆ ನನ್ನ ತಕರಾರು ಒಂದೇ: ಅವರು ರಿಪೇರಿ ಮಾಡುವುದಿಲ್ಲ, ವೈವಾ ಮಾಡುತ್ತಾರೆ. ಬಲ್ಬು ಅದಲು ಬದಲು ಮಾಡಿ ನೋಡಿದ್ದಾಯಿತು. ಹಳದಿ ಬಲಗಡೆಯೇ ಉಳಿಯಿತು. ಮಲ್ಟಿಮೀಟರ್ ಹಿಡಿದರು. "ಬ್ಯಾಟರಿಯಲ್ಲಿ 12.6. ಬಲ್ಬಿನ ಹತ್ತಿರ ಎಂಟು ಚಿಲ್ಲರೆ. ಮಿಕ್ಕಿದ್ದೆಲ್ಲಿ ಹೋಯ್ತು?"

"ಸ್ವಿಚ್ಚು?"

"ಸ್ವಿಚ್ಚಾದ್ರೆ ಎರಡೂ ಮಂಕಾಗಬೇಕಲ್ಲ."

"ಫ್ಯೂಸು?"

"ಈ ಕಾರಿನ ಹೆಡ್‌ಲೈಟಿಗೆ ಫ್ಯೂಸೇ ಇಲ್ಲ."

"ರಿಲೇ?"

"ಅದೂ ಇಲ್ಲ. ಅಷ್ಟೂ ಕರೆಂಟು ಡ್ಯಾಶ್‌ಬೋರ್ಡಿನ ಸ್ವಿಚ್ಚಿನ ಮೂಲಕವೇ ಹಾದು ಬರಬೇಕು." ವೋಲ್ಟೇಜು ನೂರಕ್ಕೆ 10 ಇಳಿದರೆ ಬೆಳಕು ನೂರಕ್ಕೆ ಸುಮಾರು 30 ಇಳಿಯುತ್ತದೆಂಬ ಉಪನ್ಯಾಸ ಬಂತು. ಕಂದು ತಂತಿ ಸ್ವಿಚ್ಚಿಗೆ, ನೀಲಿ ಡಿಪ್ಪರಿಗೆ, ನೀಲಿ-ಕೆಂಪು ಡಿಮ್ಮಿಗೆ, ನೀಲಿ-ಬಿಳಿ ಬ್ರೈಟಿಗೆ, ಕಪ್ಪು ಅರ್ತಿಗೆ ಎಂದು ಬಾಯಿಪಾಠ ಮಾಡಿಸಿದರು. ಮನೆಯಲ್ಲಿ ಟ್ಯೂಬ್‌ಲೈಟಿನ ಸ್ಟಾರ್ಟರ್ ತಿರುಗಿಸುವಷ್ಟಕ್ಕೆ ನಿಂತುಹೋದ ವಿದ್ಯೆ ನನ್ನದು. ಬೆರಳು ಮರಗಟ್ಟಿ ಟಾರ್ಚು ಅಲುಗಿದಾಗಲೆಲ್ಲ "ಕೈ!" ಎಂದು ಗದರಿಕೆ.

ಆ ಟಾರ್ಚಿನ ಹಿಡಿಗೆ ಡೈನೋಸಾರ್ ಸ್ಟಿಕರ್ ಇದೆ. ಅರ್ಧ ಉಜ್ಜಿಹೋಗಿ ಬಾಲ ಮಾತ್ರ ಉಳಿದಿದೆ. ನನಗಿಂತ ಮೊದಲು ಈ ಕೆಲಸ ಭಾವನ ಮಗನದಾಗಿತ್ತು. ಅವನೀಗ ಗ್ಲಾಸ್ಗೋದಲ್ಲಿ ನೌಕರಿಯಲ್ಲಿದ್ದಾನೆ. ಕ್ರಿಸ್‌ಮಸ್ಸಿಗೆ ಬಂದರೆ ಬಂದ. "ಅವನಾಗಿದ್ರೆ ಇಷ್ಟೊತ್ತಿಗೆ ಹೇಳಿರ್ತಿದ್ದ," ಎಂದರು ಭಾವ, ನನಗಲ್ಲ, ಕೈಲಿದ್ದ ದೀಪದ ಬಳೆಗೆ. ನಾನು ಸ್ವಲ್ಪ ಹೊತ್ತು ಟಾರ್ಚನ್ನು ನೆಟ್ಟಗೆ ಹಿಡಿದೆ. ಮಕ್ಕಳಿಗೆ ಫೋನು ಮಾಡಿ "ಹೇಗಿದೀಯ" ಎಂದು ಕೇಳುವುದು ಕೆಲವು ಗಂಡಸರಿಗೆ ಕಷ್ಟ. "ಇದು ಯಾಕೆ ಹೀಗಾಗಿದೆ, ಹೇಳು" ಎನ್ನುವುದು ಸುಲಭ. ಆದರೆ ಚಳಿ ಅಂಥ ಯೋಚನೆಯನ್ನು ಹೆಚ್ಚು ಹೊತ್ತು ಬೆಳೆಸಗೊಡಲಿಲ್ಲ.

"ಸೋತೆ ಭಾವ, ನೀವೇ ಹೇಳಿ."

"ಒಳಗೆ ಕೂತು ಡ್ಯಾಶ್‌ಬೋರ್ಡ್ ನೋಡು."

ದೀಪ ಡಿಮ್ಮಿನಲ್ಲಿತ್ತು. ಆದರೂ ಬ್ರೈಟಿಗೆ ಮಾತ್ರ ಹೊತ್ತಬೇಕಾದ ಸೂಚಕ ಒಂದಿಷ್ಟೇ ಇಷ್ಟು ಮಿಣುಗುತ್ತಿತ್ತು. ಕಪ್ಪು ತಂತಿಯ ಅರ್ತ್ ಸರಿಯಿಲ್ಲದಿದ್ದರೆ ಕರೆಂಟು, ಮುಂಬಾಗಿಲು ಮುಚ್ಚಿದ ಮನೆಯವರು ಹಿತ್ತಲಿಂದ ಹೋಗುವ ಹಾಗೆ, ಬ್ರೈಟಿನ ತಂತಿಯೊಳಗೆ ಹಿಮ್ಮುಖ ನುಗ್ಗಿ ಆಚೆ ದೀಪದ ಮೂಲಕ, ಈ ಸೂಚಕದ ಮೂಲಕ ದಾರಿ ಹುಡುಕುತ್ತದೆ.

"ಇದು ನಿಮಗೆ ಯಾವಾಗ ಗೊತ್ತಾಯ್ತು?"

"ಕಾರು ತೆಗೆದಾಗಲೇ. ನಿನಗೇ ಹೊಳೀಲಿ ಅಂತ ಕಾದೆ."

ಗ್ರಿಲ್ಲಿನ ಹಿಂದೆ ಕಪ್ಪು ತಂತಿಗಳು ಸೇರುವ ರಬ್ಬರ್ ತೋಳನ್ನು ಎಳೆದರು. ಒಳಗಿನ ಹಿತ್ತಾಳೆ ಗುಂಡಿನ ಮೇಲೆ ಹಸಿರು ಪುಡಿ, ದೇವರ ಕೋಣೆಯಲ್ಲಿ ಮರೆತ ತಾಮ್ರದ ತಂಬಿಗೆಯಲ್ಲಿ ಕೂರುವಂಥದ್ದೇ. ಉಪ್ಪು ಕಾಗದದಲ್ಲಿ ಉಜ್ಜಿ ಒತ್ತಿ ಕೂರಿಸಿದರು. ಗ್ಯಾರೇಜಿನ ಬಾಗಿಲು ಫಕ್ಕನೆ ಬೆಳ್ಳಗಾಯಿತು. ಭಾವ ಅದರೆದುರು ನಿಂತು ನಕ್ಕ ನಗೆಗೆ ಅವರ ಎಲ್ಲ ಅಪರಾಧ ಮಾಫಿ ಎಂದುಕೊಳ್ಳುವಷ್ಟರಲ್ಲಿ ಅಕ್ಕ ಪುಳಿಯೋಗರೆ ಪ್ರಸಾದದೊಂದಿಗೆ ಮರಳಿದಳು. "ಬಾ, ಒಂದು ರೌಂಡು ಹೋಗಿ ಬರೋಣ," ಅಂದರು ಭಾವ. ಅಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಾನು ಊರಿಗೆ ಬಂದ ಮೇಲೆ ಮೊನ್ನೆ ಫೋನು. ಇಂಡಿಕೇಟರ್ ಹಾಕಿದರೆ ಪೆಟ್ರೋಲ್ ಮುಳ್ಳೂ ಅದೇ ತಾಳಕ್ಕೆ ಕುಣಿಯುತ್ತದಂತೆ. "ಏನಿರಬಹುದು, ಹೇಳು ನೋಡೋಣ?"

"ಅರ್ತ್," ಅಂದೆ, ಗರ್ವದಿಂದ.

"ಅಳೆಯದೆ ಹೇಳಬೇಡ ಅಂತ ಎಷ್ಟು ಸಲ ಹೇಳೋದು!" ಎಂದು ಫೋನನ್ನು ಅಕ್ಕನ ಕೈಗೆ ಕೊಟ್ಟುಬಿಟ್ಟರು.