ಮಂಕುಬೂದಿ ಸಿದ್ಧಾಂತ

ಗ್ಯಾಲಕ್ಸಿಯನ್ನು ಉಳಿಸಿ ಊಟಕ್ಕೆ ಬಂದು ಕೂತಿದ್ದೆ. ‘ಕೊನೆಗೆ ಯಾವ ಬಣ್ಣ ಆರಿಸ್ದೆ?’ ಎಂದ ಮಗ. ಹಸಿರು ಎಂದೆ. ಅನ್ನ ಕಲಸುತ್ತಿದ್ದವನು ಕೈ ನಿಲ್ಲಿಸಿ, ಲಂಚ ತಗೊಂಡು ಸಿಕ್ಕಿಬಿದ್ದ ಗುಮಾಸ್ತನನ್ನು ನೋಡುವಂತೆ ನೋಡಿದ. ‘ಹಾಗಾದ್ರೆ ನಿನ್ನನ್ನೂ ಬುಟ್ಟಿಗೆ ಹಾಕ್ಕೊಂಡ್ರು ಬಿಡಪ್ಪ.’

ಆಟ ‘ಮಾಸ್ ಎಫೆಕ್ಟ್ 3’, ಕೆನಡಾದ ಬಯೋವೇರ್‌ನವರು 2012ರ ಮಾರ್ಚ್‌ನಲ್ಲಿ ಬಿಟ್ಟದ್ದು. ರೀಪರ್ ಎಂಬ ಯಂತ್ರರಾಕ್ಷಸರನ್ನು ತಡೆಯಲು ಮೂರು ಆಟಗಳುದ್ದಕ್ಕೂ ಕಮಾಂಡರ್ ಶೆಪರ್ಡ್ ಆಗಿ ಅಲೆದು ಸುಸ್ತಾದವರಿಗೆ, ಕೊನೆಯಲ್ಲೊಬ್ಬ ಹೊಳೆಯುವ ಹುಡುಗ ಎದುರಾಗಿ ಮೂರು ದಾರಿ ಮುಂದಿಡುತ್ತಾನೆ. ಯಂತ್ರಗಳನ್ನು ನಾಶ ಮಾಡಿದರೆ ಕೆಂಪು, ಹತೋಟಿಗೆ ತಂದುಕೊಂಡರೆ ನೀಲಿ, ಜೀವವನ್ನೂ ಯಂತ್ರವನ್ನೂ ಬೆಸೆದರೆ ಹಸಿರು. ಆಮೇಲಿನ ದೃಶ್ಯ ಹೆಚ್ಚುಕಡಿಮೆ ಒಂದೇ. ಸ್ಫೋಟದ ಬಣ್ಣ ಬೇರೆ. ರೇಗಿದ ಅಭಿಮಾನಿಗಳು ಚಂದಾ ಎತ್ತಿ ಕಂಪನಿಗೆ 400 ಕಪ್‌ಕೇಕ್ ಕಳಿಸಿದರು. ಕೆಂಪು, ನೀಲಿ, ಹಸಿರು. ರುಚಿ ಎಲ್ಲದಕ್ಕೂ ವೆನಿಲಾ. ಮದುವೆಮನೆ ಅಡುಗೆಗೆ ಕೊಂಕು ತೆಗೆಯುವ ಬೀಗರೂ ಇಷ್ಟು ಖರ್ಚು ಮಾಡುವುದಿಲ್ಲ.

ಇನ್ನು ಕೆಲವರು ಕೇಕಿಗೆ ಕಾಸು ಕೊಡದೆ ತಲೆ ಓಡಿಸಿದರು. ಅವರದ್ದು ‘ಇಂಡಾಕ್ಟ್ರಿನೇಷನ್ ಥಿಯರಿ’. ಹತ್ತಿರ ಸುಳಿದವರ ಬುದ್ಧಿಗೆ ಮಂಕುಬೂದಿ ಎರಚುವುದು ರೀಪರ್‌ಗಳ ಹಳೇ ಚಾಳಿ. ಲಂಡನ್ನಿನ ಕೊನೆಯ ಕಾಳಗದಲ್ಲಿ ಕಿರಣ ಬಡಿದು ಶೆಪರ್ಡ್ ಬಿದ್ದನಲ್ಲ, ಆಮೇಲಿನದೆಲ್ಲ ಅವನ ತಲೆಯೊಳಗೇ ನಡೆದದ್ದು. ನೀಲಿ, ಹಸಿರು ಎಂದವರು ಸೋತ ಹಾಗೆ. ಸಾಕ್ಷಿ? ಕಿರಣ ಬಡಿದ ಮೇಲೆ ಪಿಸ್ತೂಲಿನ ಗುಂಡು ಮುಗಿಯುವುದೇ ಇಲ್ಲ. (ಈ ಲೆಕ್ಕದಲ್ಲಿ ನಾನು ಚಿಕ್ಕಂದಿನಲ್ಲಿ ಟೂರಿಂಗ್ ಟಾಕೀಸಿನಲ್ಲಿ ನೋಡಿದ ಫೈಟಿಂಗುಗಳೆಲ್ಲ ಕನಸೇ.) ಇನ್ನೊಂದು: ಆಟದ ಮೊದಲಲ್ಲಿ ವ್ಯಾಂಕೂವರ್‌ನಲ್ಲಿ ಕಾಣುವ ಆ ಹುಡುಗನನ್ನು ಶೆಪರ್ಡ್ ಬಿಟ್ಟರೆ ಯಾರೂ ಕಣ್ಣೆತ್ತಿ ನೋಡುವುದಿಲ್ಲ, ವಿಮಾನ ಹತ್ತುವಾಗ ಕೈಹಿಡಿದು ಎಳೆದುಕೊಳ್ಳುವುದೂ ಇಲ್ಲ. ಅಂದಮೇಲೆ ಅವನು ಭ್ರಮೆ.

ಇಲ್ಲಿ ನನಗೆ ತುತ್ತು ಗಂಟಲಲ್ಲೇ ನಿಂತಿತು. ಆಗಿನಿಂದ ಮೂರು ಸಲ ಉಪ್ಪಿನಕಾಯಿ ಕೇಳಿದ್ದೆ. ಹೆಂಡತಿ ಫೋನಿನಿಂದ ತಲೆಯೆತ್ತಿರಲಿಲ್ಲ.

‘ಕಂಪನಿಯವರೇ ಜೂನ್‌ನಲ್ಲಿ ಕೊನೆಯನ್ನು ಬೆಳೆಸಿ, ಬಿಡಿಸಿ ಹೇಳಿ ಪುಕ್ಕಟೆ ಕೊಟ್ಟರಲ್ಲೋ’ ಎಂದೆ.

‘ಅದೂ ಕನಸೇ.’

ಇಂಥವನ ಜತೆ ಏನು ವಾದ! ಆದರೆ ಒಂದು ಎಲುಬು ಎಸೆದೇ ಎದ್ದ: ಕೆಂಪು ಆರಿಸಿದವರಿಗೆ ಮಾತ್ರ, ಕಲ್ಲುಮಣ್ಣಿನ ರಾಶಿಯಲ್ಲಿ ಬಿದ್ದ ಕವಚದೊಳಗಿಂದ ಒಂದೇ ಒಂದು ಉಸಿರು ಎಳೆದ ಸದ್ದು ಕೇಳುತ್ತದಂತೆ.

ರಾತ್ರಿ ಎಲ್ಲರೂ ಮಲಗಿದ ಮೇಲೆ ಕಳ್ಳನಂತೆ ಟೀವಿ ಹಾಕಿ ಲಂಡನ್ನಿಗೆ ಹೋದೆ. ಎರಡೂವರೆಗೆ ಕೆಂಪು. ವಾಲ್ಯೂಮ್ ಸಣ್ಣದಿತ್ತೆಂದು ಕಿವಿಯನ್ನು ಪರದೆಗೇ ಆನಿಸಿ ಕೂತೆ. ಆಟ ಮಾಡಿದವರ ಹೆಸರುಗಳು ಸಾಲಾಗಿ ಬಂದವು. ಉಸಿರು ಬರಲಿಲ್ಲ.

‘ಬರಲ್ಲಪ್ಪ’ ಎಂದ ಮಗ ಬೆಳಿಗ್ಗೆ ಹಲ್ಲುಜ್ಜುತ್ತ. ‘ಸೈನ್ಯ ಸಾಲದು. ಗ್ರಹ ಗ್ರಹ ಸುತ್ತಿ ಜಮಾಯಿಸ್ಬೇಕಿತ್ತು. ನೀನು ಬೇಜಾರು ಅಂತ ಬಿಟ್ಟಿರ್ತೀಯ.’

‘ಮನೆ ಕಂದಾಯಾನೂ ಹಾಗೇ ಬಿಟ್ಟಿದಾರೆ’ ಎಂದಳು ಹೆಂಡತಿ, ಫೋನಿನಿಂದ ತಲೆಯೆತ್ತಿ, ನೇರವಾಗಿ ನನ್ನನ್ನೇ ನೋಡುತ್ತ.