ನೆಗೆಟಿವ್ ಜಾತಕ

ಡಾರ್ಕ್‌ರೂಮ್ ಅಂದರೆ ಕೆಂಪು ದೀಪ ಎಂದು ಸಿನಿಮಾದವರು ಎಲ್ಲರನ್ನೂ ನಂಬಿಸಿಬಿಟ್ಟಿದ್ದಾರೆ. ಪತ್ತೇದಾರ ಟ್ರೇಯಲ್ಲಿ ಕಾಗದ ಅಲ್ಲಾಡಿಸುತ್ತಾನೆ, ಕೊಲೆಗಾರನ ಮುಖ ಮೆಲ್ಲಗೆ ಮೂಡುತ್ತದೆ, ಹಿನ್ನೆಲೆಯಲ್ಲಿ ಪಿಟೀಲು ಕೊಯ್ಯುತ್ತದೆ. ಹಾಗಾಗಿ ಕಪ್ಪು ಬಿಳುಪು ಫಿಲಂ ತೊಳೆಯುವ ಪಾಠಕ್ಕೆ ಬಂದ ಕಲಾಶಾಲೆಯ ಹೊಸ ಮಕ್ಕಳು ಮೊದಲು ಕೇಳುವುದೇ ಇದು: “ಸಾರ್, ರೆಡ್ ಲೈಟ್ ಎಲ್ಲಿ?”

ಅದು ಪ್ರಿಂಟು ಹಾಕುವಾಗ. ಪ್ರಿಂಟಿನ ಕಾಗದಕ್ಕೆ ಕೆಂಪು ಕಾಣುವುದಿಲ್ಲ. ಈಗಿನ ಮಾಮೂಲಿ ಫಿಲಂಗೆ ಎಲ್ಲ ಬಣ್ಣವೂ ಕಾಣುತ್ತದೆ, ಅದು ಪ್ಯಾಂಕ್ರೊಮ್ಯಾಟಿಕ್. ರೋಲು ಡಬ್ಬಿಯಿಂದ ಹೊರಬಿದ್ದು ಬೆಳಕು ನುಗ್ಗದ ಟ್ಯಾಂಕಿನೊಳಗೆ ಸೇರುವತನಕ ಕಗ್ಗತ್ತಲೇ ಗತಿ. ರೇಡಿಯಂ ಮುಳ್ಳಿನ ಗಡಿಯಾರ, ಮೊಬೈಲು ಎಲ್ಲ ಬಾಗಿಲಾಚೆ. ರಸಾಯನಗಳಿಗೆ ಹೆದರದ ಹುಡುಗರು ಮೊಬೈಲು ಬಿಟ್ಟು ಒಳಗೆ ಬರುವಾಗ ಎರಡು ಸಲ ತಿರುಗಿ ನೋಡುತ್ತಾರೆ.

36 ಚಿತ್ರಗಳ ರೋಲು ಐದಡಿಗೂ ಉದ್ದ. ಅದರ ತುದಿಯನ್ನು ಪ್ಲಾಸ್ಟಿಕ್ ಸ್ಪೈರಲ್ಲಿನ ಬಾಯಿಗೆ ಕೊಟ್ಟು, ಎರಡು ಪಕ್ಕಗಳನ್ನೂ ಹಿಂದಕ್ಕೆ ಮುಂದಕ್ಕೆ ತಿರುಗಿಸಿದರೆ ಫಿಲಂ ತಾನಾಗಿ ಒಳಗೆ ಸಾಗುತ್ತದೆ. ಹಗಲಿನಲ್ಲಿ, ಹಾಳು ರೋಲಿನ ಮೇಲೆ, ಇದು ಎಲ್ಲರಿಗೂ ಬರುತ್ತದೆ. ದೀಪ ಆರಿಸಿದರೆ ಬೆರಳುಗಳು ಪರರ ಪಾಲಾಗುತ್ತವೆ. ಸ್ಪೈರಲ್ಲಿನಲ್ಲಿ ಚೂರು ತೇವ ಇದ್ದರೂ ಫಿಲಂ ಅರ್ಧದಾರಿಯಲ್ಲಿ ಕಚ್ಚಿಕೊಂಡು ನಿಲ್ಲುತ್ತದೆ. ನಿಂತಿತೆಂದು ಗಾಬರಿ, ಗಾಬರಿಗೆ ಕೈ ಬೆವರುತ್ತದೆ, ಬೆವರಿಗೆ ಇನ್ನಷ್ಟು ಕಚ್ಚುತ್ತದೆ. ಆಗ ಕತ್ತಲೆಯಲ್ಲಿ ಆಕಾಶವಾಣಿ ಶುರು.

“ಸಾರ್, ಕತ್ತರಿ ಎಲ್ಲಿ?”

“ನಿನ್ನ ಮುಂದೇನೇ ಇದೆಯಲ್ಲಯ್ಯಾ.”

“ಮುಂದೆ ಅಂದ್ರೆ ಯಾವ ಕಡೆ ಸಾರ್?”

“ಏನೋ ಬಿತ್ತು.”

“ಏನಮ್ಮಾ ಬಿದ್ದಿದ್ದು?”

“ಗೊತ್ತಿಲ್ಲ ಸಾರ್, ಇನ್ನೂ ಉರುಳ್ತಾ ಇದೆ.”

ಟ್ಯಾಂಕಿನ ಮುಚ್ಚಳ ಬಿಗಿದ ಮೇಲೆ ದೀಪ ಹೊತ್ತಿಸಬಹುದು. ಉಳಿದದ್ದು ಅಡುಗೆಮನೆಗೆ ಹತ್ತಿರದ ಕೆಲಸ. ಕೊಡಕ್ ಕಂಪನಿಯ ಡಿ-76 ಎಂಬ ಡೆವಲಪರ್ 1920ರ ದಶಕದ್ದು, ಇಂದಿಗೂ ಚಾಲ್ತಿಯಲ್ಲಿದೆ. ಲೀಟರು ನೀರಿಗೆ ಮೆಟಾಲ್ 2 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಬೊರಾಕ್ಸ್ 2 ಗ್ರಾಂ. ಬೊರಾಕ್ಸ್ ಅಂದರೆ ಅಜ್ಜಿಯರಿಗೆ ಗೊತ್ತಿದ್ದ ಬಿಳಿಗಾರವೇ. ಇದಕ್ಕಿಂತ ರುಚಿಕಟ್ಟಾದ ಪಾಕವೊಂದು ಅಮೆರಿಕದ ರಾಚೆಸ್ಟರ್ ತಾಂತ್ರಿಕ ಸಂಸ್ಥೆಯ ತರಗತಿಯಲ್ಲೇ ಹುಟ್ಟಿತು. 1995ರಲ್ಲಿ ಅಲ್ಲಿನ ಅಧ್ಯಾಪಕ ಸ್ಕಾಟ್ ವಿಲಿಯಮ್ಸ್ ಮತ್ತು ವಿದ್ಯಾರ್ಥಿಗಳು ಇನ್‌ಸ್ಟಂಟ್ ಕಾಫಿಪುಡಿಗೆ ವಾಷಿಂಗ್ ಸೋಡಾ ಬೆರೆಸಿ ಫಿಲಂ ತೊಳೆದರು. ಚಿತ್ರ ಬಂತು! ಕೆಲಸ ಮಾಡಿದ್ದು ಕೆಫೀನ್ ಅಲ್ಲ, ಕಾಫಿಯಲ್ಲಿರುವ ಕೆಫೀಯಿಕ್ ಆಮ್ಲ. ಆ ವಾಸನೆ ಕುಡಿದವರಿಗೆ ಚಿಕ್ಕಮಗಳೂರಿನ ಕಾಫಿಯ ಮೇಲೂ ವೈರಾಗ್ಯ ಬಂದೀತು.

ಪಾಕದ ಉಷ್ಣತೆ 20 ಡಿಗ್ರಿ ಇರಬೇಕು ಎನ್ನುತ್ತದೆ ಡಬ್ಬಿಯ ಮೇಲಿನ ಚೀಟಿ. ಅದನ್ನು ಬರೆದವರು ಏಪ್ರಿಲ್ ತಿಂಗಳ ಬೆಂಗಳೂರಿನ ನಲ್ಲಿ ತಿರುಗಿಸಿದವರಲ್ಲ. ಹಾಗಾಗಿ ಎದುರಿನ ಕಬ್ಬಿನಹಾಲಿನ ಅಂಗಡಿಯಿಂದ ಐಸು ಬರುತ್ತದೆ. ಬಾಟಲಿಯನ್ನು ಐಸಿನ ಬೇಸಿನ್ನಿನಲ್ಲಿ ಕೂರಿಸಬೇಕೇ ಹೊರತು ಐಸನ್ನು ಬಾಟಲಿಯಲ್ಲಿ ಕೂರಿಸಬಾರದು. ಇದನ್ನು ಪ್ರತಿ ವರ್ಷವೂ ಹೇಳಬೇಕು.

ಇಲ್‌ಫರ್ಡ್ ಕಂಪನಿಯ ಎಚ್‌ಪಿ5 ಪ್ಲಸ್ ಫಿಲಂಗೆ ಅದೇ ಕಂಪನಿಯ ಐಡಿ-11 ಡೆವಲಪರಿನಲ್ಲಿ ಏಳೂವರೆ ನಿಮಿಷ. ಮೊದಲ ಹತ್ತು ಸೆಕೆಂಡಿನಲ್ಲಿ ನಾಲ್ಕು ಸಲ ಟ್ಯಾಂಕು ತಲೆಕೆಳಗು, ಆಮೇಲೆ ಪ್ರತಿ ನಿಮಿಷದ ಆರಂಭಕ್ಕೆ ಮತ್ತೆ ನಾಲ್ಕು ಸಲ. ಮನುಷ್ಯರ ಸ್ವಭಾವ ತಿಳಿಯಲು ಈ ಏಳೂವರೆ ನಿಮಿಷ ಸಾಕು. ಒಬ್ಬ ಬಿಡುವೇ ಕೊಡದೆ ಕುಲುಕುತ್ತಾನೆ. ಇನ್ನೊಬ್ಬಳು ನಾಲ್ಕೇ ಸಲ ಎಣಿಸಿ ಮಾಡಿ, ಐದನೆಯದು ಆಗಿಹೋಯಿತೇನೋ ಎಂದು ಪಕ್ಕದವಳನ್ನು ಸಾಕ್ಷಿ ಕರೆಯುತ್ತಾಳೆ. ಮೂರನೆಯವನು ಟ್ಯಾಂಕಿಟ್ಟು ಮೊಬೈಲು ನೋಡಲು ಹೋಗಿರುತ್ತಾನೆ.

ಕೊನೆಗೆ ಹೈಪೋ. ಬೆಳ್ಳಿಯ ಲವಣಗಳನ್ನು ಇದು ಕರಗಿಸುತ್ತದೆಂದು 1819ರಲ್ಲೇ ಕಂಡುಕೊಂಡವನು ಜಾನ್ ಹರ್ಷೆಲ್. ಫೋಟೋಗ್ರಫಿ ಹುಟ್ಟಿದ ಮೇಲೆ, 1839ರಲ್ಲಿ, ಚಿತ್ರವನ್ನು ಕಾಯಂಗೊಳಿಸಲು ಅದನ್ನೇ ಬಳಸಿದ. ಇಪ್ಪತ್ತು ವರ್ಷ ಮುಂಚಿತವಾಗಿ ಉತ್ತರ ಸಿದ್ಧಮಾಡಿ ಪ್ರಶ್ನೆಗೆ ಕಾದ ಪುಣ್ಯಾತ್ಮ. ತೊಳೆಯುವ ನೀರಿಗೂ ಇಲ್‌ಫರ್ಡ್‌ನವರ ಲೆಕ್ಕವಿದೆ: ಟ್ಯಾಂಕು ತುಂಬಿಸಿ ಐದು ಸಲ ತಲೆಕೆಳಗು, ಚೆಲ್ಲಿ, ಹತ್ತು ಸಲ, ಚೆಲ್ಲಿ, ಇಪ್ಪತ್ತು ಸಲ, ಚೆಲ್ಲಿ. ನಲ್ಲಿ ಬಿಟ್ಟುಕೊಂಡು ನಿಲ್ಲಬೇಕಿಲ್ಲ. ಟ್ಯಾಂಕರ್ ನೀರಿಗೆ ದುಡ್ಡು ತೆರುವ ಊರಿಗೆ ಹೇಳಿ ಮಾಡಿಸಿದ ವಿಧಾನ.

ಹರ್ಷೆಲ್ ಖಗೋಳಜ್ಞ, ಜ್ಯೋತಿಷಿಯಲ್ಲ. ಆ ಕೊರತೆಯನ್ನು ಮೇಷ್ಟ್ರು ತುಂಬಿಕೊಡುತ್ತಾರೆ. ಒದ್ದೆ ಫಿಲಂ ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕ ಹಣೆಗೇರಿಸಿದರೆಂದರೆ ಜಾತಕ ಓದಿದ ಹಾಗೆಯೇ. ಪೂರ್ತಿ ಕಪ್ಪಾಗಿದ್ದರೆ, “ಯಾರೋ ಬಾಗಿಲು ತೆಗೆದಿದ್ದೀರಿ.” ಅಲ್ಲಲ್ಲಿ ಅರ್ಧಚಂದ್ರ ಕಂಡರೆ, “ಸ್ಪೈರಲ್ಲಿಗೆ ಸುತ್ತುವಾಗ ಫಿಲಂ ಮಡಚಿದೆ.” ಹಾಲಿನ ಕೆನೆಯಂಥ ಮಚ್ಚೆ ಇದ್ದರೆ, “ಎರಡು ಸುತ್ತು ಅಂಟಿಕೊಂಡು ಕೂತಿವೆ, ಹೈಪೋ ಒಳಗೆ ಹೋಗಿಲ್ಲ.” ಸಣ್ಣ ಗುಂಡು ಚುಕ್ಕೆಗಳಿದ್ದರೆ, “ಟ್ಯಾಂಕನ್ನು ಮೇಜಿಗೆ ಕುಟ್ಟಿ ಗಾಳಿಗುಳ್ಳೆ ಬಿಡಿಸೋಕೆ ಹೇಳಿದ್ದೆನಲ್ಲಮ್ಮಾ.” ಯಾರೂ ಎದುರಾಡುವಂತಿಲ್ಲ, ಕೈಯ ತಪ್ಪು ಬೆಳ್ಳಿಯಲ್ಲಿ ಬರೆದಿರುತ್ತದೆ.

ನಿಜವಾದ ವಿದ್ವತ್ತು ಬೇಕಾಗುವುದು ಗಾಜಿನಂತೆ ಖಾಲಿಯಾಗಿ ಹೊರಬಂದ ಫಿಲಂಗೆ. ಆಗ ಅಂಚಿನ ಅಂಕಿಗಳನ್ನು ನೋಡಬೇಕು. ಅವನ್ನು ಕಾರ್ಖಾನೆಯಲ್ಲೇ ಬೆಳಕಿನಿಂದ ಮೂಡಿಸಿರುತ್ತಾರೆ, ಡೆವಲಪರ್ ಕೆಲಸ ಮಾಡಿದ್ದರೆ ಮಾತ್ರ ಕಾಣುತ್ತವೆ. ಅಂಕಿಯೂ ಇಲ್ಲದಿದ್ದರೆ ಡೆವಲಪರ್ ಸತ್ತಿದೆ, ಇಲ್ಲವೇ ಯಾರೋ ಹೈಪೋವನ್ನೇ ಮೊದಲು ಸುರಿದಿದ್ದಾರೆ. ಅಂಕಿ ಇದ್ದು ಚಿತ್ರ ಇಲ್ಲದಿದ್ದರೆ ತೊಳೆದದ್ದು ಸರಿಯಾಗಿದೆ, ತೆಗೆದದ್ದೇ ಆಗಿಲ್ಲ.

“ಎಷ್ಟು ಫೋಟೋ ತೆಗೆದೆಯಯ್ಯಾ?”

“36 ಆದ್ಮೇಲೂ ಕ್ಲಿಕ್ ಆಗ್ತಾನೇ ಇತ್ತು ಸಾರ್. ಒಳ್ಳೇ ಕ್ಯಾಮೆರಾ.”

“ಫಿಲಂನ ತುದಿ ಒಳಗಿನ ಸ್ಪೂಲಿಗೆ ಸಿಕ್ಕೇ ಇಲ್ಲ. ಸುತ್ತುವಾಗ ಎಡಗಡೆ ಗುಂಡಿ ತಿರುಗ್ತಿತ್ತಾ, ನೋಡಿದೆಯಾ?”

ಹುಡುಗ ಫಿಲಂ ಇಸಿದುಕೊಂಡು ಆ ತುದಿಯಿಂದ ಈ ತುದಿಯವರೆಗೆ ನೋಡಿದ. “ನಂಬರು ಮಾತ್ರ ಚೆನ್ನಾಗಿ ಬಂದಿದೆ ಅಲ್ವಾ ಸಾರ್?”

“ಅದು ಕಂಪನಿಯವರು ತೆಗೆದದ್ದು ಕಣಯ್ಯಾ.”