ಬೆನ್ನ ಮೇಲಿನ ಬಾವುಟ

2019ರ ಜುಲೈ. ‘ಟಾಪ್ ಗನ್: ಮಾವರಿಕ್’ ಟ್ರೇಲರ್ ಬಂತು. ಟಾಮ್ ಕ್ರೂಸ್ ತೊಟ್ಟದ್ದು 1986ರ ಮೊದಲ ಚಿತ್ರದ ಅದೇ ಚರ್ಮದ ಜಾಕೆಟ್ಟು. ಬೆನ್ನ ಮೇಲಿದ್ದ ಜಪಾನ್, ತೈವಾನ್ ಬಾವುಟಗಳು ಮಾತ್ರ ಮಾಯ. ಆ ಜಾಗದಲ್ಲಿ ಅದೇ ಬಣ್ಣದ, ಯಾವ ದೇಶಕ್ಕೂ ಸೇರದ ಗುರುತುಗಳು. ಚಿತ್ರಕ್ಕೆ ಹಣ ಹೂಡಲು ಚೀನಾದ ಟೆನ್ಸೆಂಟ್ ಕಂಪನಿ ಮುಂದೆ ಬಂದಿದ್ದ ಕಾಲವದು.

ಪ್ರಚಾರ ವಿಭಾಗದ ಮಾತುಕತೆಯನ್ನು ಊಹಿಸಿಕೊಳ್ಳುವುದೇನೂ ಕಷ್ಟವಲ್ಲ.

“ತೈವಾನ್ ತೆಗೆದೆ ಸರ್. ಜಪಾನ್ ಯಾಕೆ?”

“ಒಂದನ್ನೇ ತೆಗೆದರೆ ಜನಕ್ಕೆ ಗೊತ್ತಾಗುತ್ತಲ್ಲಯ್ಯ!”

“ಎರಡೂ ತೆಗೆದರೆ ಗೊತ್ತಾಗಲ್ವಾ?”

“ಬಣ್ಣ ಹಾಗೇ ಬಿಟ್ಟಿದ್ದೀವಲ್ಲ. ದೂರದಿಂದ ನೋಡು, ಬಾವುಟಾನೇ.”

“ಯಾರಿಗೂ ಹೆದರದ ನಾಯಕ ಸರ್ ಇವನು...”

“ಅವನು ಹೆದರಲ್ಲ. ಹೆದರೋದಕ್ಕೇ ನಮ್ಮನ್ನ ಇಟ್ಟಿರೋದು.”

ಗೊತ್ತಾಯಿತು. ಗದ್ದಲವೂ ಆಯಿತು.

2022ರ ಮೇನಲ್ಲಿ ಚಿತ್ರ ತೆರೆಗೆ ಬರುವಷ್ಟರಲ್ಲಿ ಟೆನ್ಸೆಂಟ್ ಜಾಗ ಖಾಲಿ ಮಾಡಿತ್ತು. ಬಾವುಟಗಳು ಬೆನ್ನಿಗೆ ಮರಳಿದ್ದವು. ಚೀನಾದಲ್ಲಿ ಚಿತ್ರ ಬಿಡುಗಡೆಯಾಗಲೇ ಇಲ್ಲ; ಆದರೂ ಜಗತ್ತಿನಾದ್ಯಂತ ಗಳಿಕೆ 140 ಕೋಟಿ ಡಾಲರ್ ದಾಟಿತು.

“ಸರ್, ಬಾವುಟ ಇಲ್ಲದ ಹಳೇ ಫೈಲ್ ಅಳಿಸಿಬಿಡ್ಲಾ?”

“ಇರಲಿ ಬಿಡಯ್ಯ. ಮುಂದಿನ ಸಿನಿಮಾಕ್ಕೂ ಜಾಕೆಟ್ಟು ಬೇಕಲ್ಲ.”